ಫ್ಯಾನಮ್ಮ ಬಿಚ್ಚದ ಫ್ಯಾನು

ಫ್ಯಾನಮ್ಮನನ್ನು ಅಜ್ಜಿ ಮೊದಲ ಸಲ ನೋಡಿದ್ದು ಏಣಿಯ ಮೇಲೆ. ನೋಡಿದ್ದು ಎಂದರೆ ಪೂರ್ತಿ ಅವಳನ್ನಲ್ಲ, ಎರಡು ಪಾದಗಳನ್ನು. ಬಲಗಾಲಿನ ಚಪ್ಪಲಿಯ ಉಂಗುಷ್ಟವನ್ನು ತಾಮ್ರದ ತಂತಿಯಿಂದ ಬಿಗಿದಿತ್ತು, ಎಡಗಾಲಿನದಕ್ಕೆ ಕಪ್ಪು ಟೇಪು ಸುತ್ತಿತ್ತು. ಮೇಲಿನಿಂದ ದನಿಯೊಂದು ಇಳಿದು ಬಂತು.

"ಇದನ್ನ ಬಿಚ್ಚೋಕೆ ಹೇಳಿದ್ದು ಯಾರು?"

"ನಾನೇ" ಎಂದರು ಯಜಮಾನರು, ಏಣಿಯ ಬುಡದಲ್ಲಿ ನಿಂತು.

"ಯಾಕೆ, ಇದಕ್ಕೇನು ಧಾಡಿ? ಚೆನ್ನಾಗೇ ತಿರುಗ್ತಿದೆಯಲ್ಲ."

"ತಿರುಗೋದೇ ತೊಂದರೆ ಕಣಮ್ಮ. ಒಳ್ಳೇ ಗಾಳಿನೆಲ್ಲ ಆಚೆಗೆ ಎಸೆಯುತ್ತೆ."

ಹಾಸಿಗೆ ಹೊಲಿಯುವ ಆ ಕಾರ್ಖಾನೆ ಒಂದೇ ಒಂದು ಉದ್ದನೆಯ ಕೋಣೆ. ಒಂದು ತುದಿಯಲ್ಲಿ ಅರಳೆ ಹಿಂಜುವ ಯಂತ್ರ, ಅದಕ್ಕೆ ಅರಳೆ ಉಣಿಸುವುದು ಅಜ್ಜಿಯ ತಂಗಿಯ ಕೆಲಸ. ಇನ್ನೊಂದು ತುದಿಯಲ್ಲಿ ಮರದ ಜಗಲಿ, ಅದರ ಮೇಲೆ ಅಜ್ಜಿ ಮತ್ತು ಅವಳ ದಬ್ಬಳ. ಒಂದು ಗೋಡೆಗೆ ಮೂರು ಕಿಟಕಿ. ಯಂತ್ರದ ನೆತ್ತಿಯ ಮೇಲೆ ಗೋಡೆಯಲ್ಲಿ ದುಂಡನೆಯ ತೂತು, ತೂತಿನಲ್ಲಿ ಮೊಳದುದ್ದದ ರೆಕ್ಕೆಗಳ ಎಕ್ಸಾಸ್ಟ್ ಫ್ಯಾನು. ಅದು ತಿರುಗುತ್ತಿದ್ದರೂ ಸಂಜೆ ಹೊತ್ತಿಗೆ ಎಲ್ಲರ ಹುಬ್ಬಿನ ಮೇಲೂ ಬಿಳಿ ಎಳೆಗಳು ಕೂತಿರುತ್ತಿದ್ದವು. "ಕೆಲಸ ಬಿಡೋ ಹೊತ್ತಿಗೆ ನೀವೆಲ್ಲ ನನ್ನ ವಾರಿಗೆಯವರೇ" ಎಂದು ಅಜ್ಜಿ ಜೊತೆಗೆ ಕೆಲಸ ಮಾಡುವ ಹುಡುಗಿಯರನ್ನು ಛೇಡಿಸುತ್ತಿದ್ದಳು. ಅಜ್ಜಿಯ ಗಂಡನೂ ಇದೇ ಕೋಣೆಯಲ್ಲಿ ಹಾಸಿಗೆ ತುಂಬುತ್ತಿದ್ದವನು. ಹನ್ನೊಂದು ವರ್ಷದ ಹಿಂದೆ ಕೆಮ್ಮಿ ಕೆಮ್ಮಿ ಹೋದ. ಆಗ ಆ ಫ್ಯಾನೂ ಇರಲಿಲ್ಲ.

ಈಗ ಯಜಮಾನರು ಹೊಸದೊಂದು ತಂದಿದ್ದರು. ಇಟ್ಟಿಗೆಯಷ್ಟು ದೊಡ್ಡ ನಾಲ್ಕು ಬಿಳಿ ಡಬ್ಬಿಗಳು. ಪ್ರತಿಯೊಂದರ ಮೂತಿಯಲ್ಲೂ ಕಪ್ಪು ಕೂದಲಿನ ಪುಟ್ಟ ಕುಂಚ, ಪಕ್ಕದಲ್ಲಿ ಹಸಿರು ದೀಪ. ಮಾರಲು ಬಂದವನು ಇಸ್ತ್ರಿ ಮಾಡಿದ ಅಂಗಿಯವನು, ಎಲ್ಲರನ್ನೂ "ಅಮ್ಮಾ" ಎಂದೇ ಕರೆಯುವವನು. ಅವನಿಗೆ ಹುಡುಗಿಯರು ಆ ದಿನವೇ ಡಬ್ಬಿಯಪ್ಪ ಎಂದು ಹೆಸರಿಟ್ಟರು. ಜಲಪಾತದ ಬಳಿ ನಿಂತರೆ ಮನಸ್ಸು ಹಗುರಾಗುವುದು ಯಾಕೆ ಗೊತ್ತೇ, ಅಲ್ಲಿನ ಗಾಳಿಯಲ್ಲಿ ನೆಗೆಟಿವ್ ಅಯಾನುಗಳಿವೆ, ಈ ಡಬ್ಬಿ ಕ್ಷಣಕ್ಕೆ ಲಕ್ಷ ಲಕ್ಷ ಅಯಾನು ಉಗುಳುತ್ತದೆ, ಕೆಮ್ಮು ಹೋಗುತ್ತದೆ, ನಿದ್ದೆ ಬರುತ್ತದೆ, ರಕ್ತದೊತ್ತಡ ಇಳಿಯುತ್ತದೆ ಎಂದು ಅವನು ಉಸಿರುಬಿಡದೆ ಹೇಳಿದ. ಒಂದೇ ಷರತ್ತು. ಗಾಳಿ ಆಚೆ ಹೋಗಬಾರದು. ಹೋದರೆ ಅಯಾನೂ ಹೋಯಿತು.

ಫ್ಯಾನಮ್ಮ ಇದನ್ನೆಲ್ಲ ಏಣಿಯ ಮೇಲೇ ಕೇಳಿಸಿಕೊಂಡಳು. ಆಮೇಲೆ ಸ್ಪ್ಯಾನರನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಡಬ್ಬಿಗೆ ವೈರ್ ಎಳೆದುಕೊಡ್ತೀನಿ ಯಜಮಾನ್ರೇ. ಫ್ಯಾನ್ ಮುಟ್ಟಲ್ಲ. ನಾನು ಫ್ಯಾನ್ ಹಾಕೋಳು, ಓಡ್ತಿರೋದನ್ನ ಕೀಳೋಳಲ್ಲ. ಬೇರೆ ಯಾರನ್ನಾದ್ರೂ ಕರೆಸ್ಕೊಳ್ಳಿ."

"ಅಷ್ಟು ಕೊಬ್ಬಾ ನಿನಗೆ?"

"ಹೌದು, ಸ್ವಲ್ಪ ಇದೆ. ತೂಕ ನೋಡಿದ್ರೆ ಗೊತ್ತಾಗಲ್ವಾ?"

ಹುಡುಗಿಯರು ಕಿಸಕ್ಕೆಂದರು. ಅವಳು ನಿಜಕ್ಕೂ ದಪ್ಪ. ಅವಳು ಇಳಿಯುವಾಗ ಏಣಿಯ ಒಂದೊಂದು ಮೆಟ್ಟಿಲೂ ನರಳಿತು. ಯಜಮಾನರು ತಾವೇ ಹೋಗಿ ಸ್ವಿಚ್ಚು ಆರಿಸಿದರು. ಫ್ಯಾನು ತೂತಿನಲ್ಲೇ ಉಳಿಯಿತು.

ವೈರಿನ ಕೆಲಸ ಮುಗಿಸಿ ಹೋಗುವಾಗ ಫ್ಯಾನಮ್ಮ ಜಗಲಿಯ ಬಳಿ ನಿಂತಳು. "ಅಜ್ಜಿ, ನಿಮಗೆ ಕೆಮ್ಮು ಯಾವಾಗ ಜಾಸ್ತಿ?"

"ಕೆಮ್ಮು ನನಗಲ್ಲ ಕಣೇ, ನನ್ನ ತಂಗಿಗೆ. ವಾರದ ರಜೆ ಮುಗಿಸಿ ಬಂದ ಮೊದಲ ದಿನ ಜಾಸ್ತಿ. ಎದೆ ಬಿಗಿಯುತ್ತೆ ಅಂತಾಳೆ."

"ಮೊದಲ ದಿನ" ಎಂದು ಫ್ಯಾನಮ್ಮ ತನಗೆ ತಾನೇ ಹೇಳಿಕೊಂಡು ಹೋದಳು. ತಂಗಿ ಎಷ್ಟು ಕೆಮ್ಮುತ್ತಾಳೆ ಎಂದು ಕೇಳಿದವರು ಬೇಕಾದಷ್ಟು ಜನ. ಯಾವಾಗ ಎಂದು ಕೇಳಿದವಳು ಇವಳೊಬ್ಬಳೇ. ಅಜ್ಜಿಗೆ ಅದು ಮನಸ್ಸಿನಲ್ಲಿ ನಿಂತಿತು.

ಫ್ಯಾನಮ್ಮನ ಅಂಗಡಿ ಅದೇ ಬೀದಿಯ ಕೊನೆಗಿತ್ತು. ಅಡ್ಡಡ್ಡ ತಿರುಗಿ ಒಳಗೆ ಹೋಗಬೇಕು, ಅಷ್ಟು ಇಕ್ಕಟ್ಟು. ಅಂಗಡಿ ಗಂಡನದು. ಗಂಡ ಒಂದು ದಿನ ಟೆಸ್ಟರನ್ನೂ ಬಿಟ್ಟು ಎಲ್ಲಿಗೋ ಹೊರಟುಹೋದ. ಬಾಕಿ ಉಳಿದಿದ್ದ ಸುಟ್ಟ ಮೋಟಾರುಗಳನ್ನು ಅವಳು ಒಂದೊಂದಾಗಿ ಬಿಚ್ಚಿ, ತಂತಿ ಎಷ್ಟು ಸುತ್ತು ಬಂದಿದೆ ಎಂದು ಎಣಿಸಿ, ಅಷ್ಟೇ ಸುತ್ತು ಹೊಸ ತಂತಿ ಸುತ್ತಿ ಕೆಲಸ ಕಲಿತಳು. ಮೊದಲ ವರ್ಷ ಒಂದು ಬಣ್ಣದ ಅಂಗಡಿಗೆ ಎಕ್ಸಾಸ್ಟ್ ಫ್ಯಾನನ್ನು ಉಲ್ಟಾ ಕೂರಿಸಿಬಿಟ್ಟಿದ್ದಳಂತೆ. ಹೊರಗಿನ ಹೊಗೆಯೆಲ್ಲ ಒಳಕ್ಕೆ. ಒಂದು ವಾರ ಅಲ್ಲಿನವರು ಕಣ್ಣೊರೆಸಿಕೊಂಡು ಕೆಲಸ ಮಾಡಿದರು, ಫ್ಯಾನಂತೂ ಜೋರಾಗಿ ತಿರುಗುತ್ತಿತ್ತು. ಅಂದಿನಿಂದ ಯಾವ ಫ್ಯಾನು ಕೂರಿಸಿದರೂ ಹಗುರವಾದದ್ದೇನಾದರೂ ಹಿಡಿದು ಗಾಳಿ ಯಾವ ಕಡೆಗೆ ಎಂದು ನೋಡದೆ ಅವಳು ಏಣಿ ಮಡಿಸುತ್ತಿರಲಿಲ್ಲ. "ಮನೇಲಿ ಗಂಡಸರು ಯಾರೂ ಇಲ್ವೇನಮ್ಮ?" ಎಂದು ಗಿರಾಕಿಗಳು ಕೇಳಿದರೆ, "ಇದ್ರು. ಅವರು ರಿಪೇರಿ ಆಗ್ಲಿಲ್ಲ. ನಿಮ್ಮ ಫ್ಯಾನ್ ಆಗುತ್ತೆ, ಕೊಡಿ" ಎನ್ನುತ್ತಿದ್ದಳು.

ಇತ್ತ ಕಾರ್ಖಾನೆಯಲ್ಲಿ ಡಬ್ಬಿಗಳು ಹಸಿರು ಕಣ್ಣು ಬಿಟ್ಟುಕೊಂಡು ಕೂತವು. ಕಿಟಕಿ ಮುಚ್ಚಿದರೂ ಸಂದಿಯಲ್ಲಿ ಗಾಳಿ ಸೋರುತ್ತದೆ ಎಂದು ಡಬ್ಬಿಯಪ್ಪ ತಕರಾರು ತೆಗೆದ. ಆಗ ಅಜ್ಜಿಯೇ ಮುಂದಾದಳು. ಅದು ಅವಳು ಮಾಡಿದ ತಪ್ಪು, ಯಾರೂ ಬಲವಂತ ಮಾಡಿರಲಿಲ್ಲ. ನೂಲು ಹಿಡಿದು ಸಂದಿಗಳನ್ನು ಅಳೆದಳು. ಬೆರಳುಗಾತ್ರದ ಉದ್ದನೆಯ ಬತ್ತಿಗಳನ್ನು ಹೊಲಿದು, ಅರಳೆ ಗಿಡಿದು, ಮೂರು ಕಿಟಕಿಗೂ ಸುತ್ತ ತುರುಕಿದಳು. ಫ್ಯಾನಿನ ತೂತಿಗೆ ದುಂಡನೆಯ ಪುಟ್ಟ ಹಾಸಿಗೆಯನ್ನೇ ಹೊಲಿದು ಚೌಕಟ್ಟಿಗೆ ಹುರಿಯಲ್ಲಿ ಬಿಗಿದಳು. "ಅಜ್ಜಿ ಕಿಟಕಿಗೂ ಹಾಸಿಗೆ ಹಾಸಿದಳು" ಎಂದು ಎಲ್ಲರೂ ನಕ್ಕರು. ಯಜಮಾನರು ಬೆನ್ನು ತಟ್ಟಿದರು. ತಂಗಿಯ ಕೆಮ್ಮು ಹೋಗುವುದಾದರೆ ಇದೇನು ಮಹಾ ಎಂದು ಅಜ್ಜಿಗೆ ಒಳಗೊಳಗೇ ಹೆಮ್ಮೆ.

ತಿಂಗಳು ಕಳೆಯುವಷ್ಟರಲ್ಲಿ ಡಬ್ಬಿಗಳ ಹಿಂದಿನ ಗೋಡೆ ಒಲೆಯ ಹಿಂದಿನ ಗೋಡೆಯಂತೆ ಕಪ್ಪಾಯಿತು. ಡಬ್ಬಿಯಪ್ಪ ಅದನ್ನು ಬೆರಳಿಟ್ಟು ತೋರಿಸಿದ. "ನೋಡಿದ್ರಾ ಅಮ್ಮಾ? ಇಷ್ಟೂ ನಿಮ್ಮ ಎದೆಯಲ್ಲಿದ್ದ ಕೊಳೆ. ಎಳೆದು ಹಾಕಿದೆ." ಪ್ಯಾಕಿಂಗ್ ಮಾಡುವ ಹೆಂಗಸಂತೂ ಆ ಕಲೆಯನ್ನು ಒರೆಸಲು ಯಾರನ್ನೂ ಬಿಡಲಿಲ್ಲ. ಬೆಳಿಗ್ಗೆ ಬಂದವಳೇ ಡಬ್ಬಿಯ ಮುಂದೆ ಕಣ್ಣುಮುಚ್ಚಿ ನಿಂತು, "ಆಹಾ, ಜಲಪಾತ!" ಎನ್ನುವಳು. ಡಬ್ಬಿಯಪ್ಪ ತಂಗಿಯ ಕೈಯಲ್ಲಿದ್ದ ಉಸಿರಿನ ಪಂಪನ್ನು ನೋಡಿ, "ಇನ್ನು ಇದೆಲ್ಲ ಯಾಕಮ್ಮಾ?" ಎಂದ. ತಂಗಿ ಅದನ್ನು ಊಟದ ಡಬ್ಬಿಯ ಚೀಲದ ತಳಕ್ಕೆ ಹಾಕಿದಳು. ಅಜ್ಜಿ ಅದನ್ನು ನೋಡಿಯೂ ಹೊಲಿಗೆ ಮುಂದುವರಿಸಿದಳು.

ಎರಡು ತಿಂಗಳಿಗೆ ಹಿಂಜುವ ಯಂತ್ರದ ಮೋಟಾರು ಸುಟ್ಟಿತು. ಫ್ಯಾನಮ್ಮನನ್ನೇ ಕರೆಸಬೇಕಾಯಿತು, ಬೀದಿಯಲ್ಲಿ ಬೇರೆ ಗತಿಯಿರಲಿಲ್ಲ. ಅವಳು ಮೋಟಾರಿನ ಮುಚ್ಚಳ ತೆಗೆದು ಒಳಗಿನಿಂದ ಅರಳೆಯನ್ನು ಎಳೆದಳು. ಅದು ಕಂಬಳಿಯ ತುಂಡಿನಂತೆ ಅಖಂಡವಾಗಿ ಬಂತು.

"ಮೂಗು ಕಟ್ಟಿ ಸತ್ತಿದೆ, ಪಾಪ" ಎಂದಳು. ಆಮೇಲೆ ಗಾಳಿಯನ್ನು ಮೂಸಿದಳು. "ಇದೇನು ವಾಸನೆ?"

"ಜಲಪಾತದ್ದು" ಎಂದಳು ಪ್ಯಾಕಿಂಗಿನವಳು.

"ಜಲಪಾತಕ್ಕೆ ನಾನೂ ಹೋಗಿದ್ದೀನಮ್ಮ, ಅಲ್ಲಿ ಪಾಚಿ ವಾಸನೆ ಬರುತ್ತೆ. ಇದು ಡ್ರಿಲ್ಲಿಂಗ್ ಮೆಷೀನಲ್ಲಿ ಬ್ರಷ್ ಸವೆದು ಕಿಡಿ ಹಾರುವಾಗ ಬರೋ ವಾಸನೆ. ನನಗೆ ಅದು ಬಂದ್ರೆ ಗಂಟಲು ಕೆರೆಯುತ್ತೆ."

ಆ ದಿನ ಯಂತ್ರವಿಲ್ಲದ ಕಾರಣ ತಂಗಿ ಅರಳೆಯನ್ನು ಕೋಲಿನಿಂದ ಬಡಿದು ಹಿಂಜುತ್ತಿದ್ದಳು. ಮುಚ್ಚಿದ ಕೋಣೆಯಲ್ಲಿ ಧೂಳು ಮಂಜಿನಂತೆ ನಿಂತಿತ್ತು. ಕೋಲಿನ ಸದ್ದು ನಿಂತದ್ದು ಅಜ್ಜಿಗೆ ಕೇಳಿಸಿತು. ತಿರುಗಿ ನೋಡಿದರೆ ತಂಗಿ ಮಂಡಿಯೂರಿ ಕೂತು ಬಾಯಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು. ತುಟಿ ನೀಲಿ. ಫ್ಯಾನಮ್ಮ ಸ್ಪ್ಯಾನರನ್ನು ಎಸೆದು, ಅವಳನ್ನು ಅರಳೆಮೂಟೆ ಎತ್ತಿದಂತೆ ಎತ್ತಿ ಅಂಗಳಕ್ಕೆ ಒಯ್ದಳು. ಅಜ್ಜಿ ಚೀಲವನ್ನು ನೆಲಕ್ಕೆ ಸುರಿದು ಪಂಪು ಹುಡುಕಿದಳು. ಮೊದಲ ಪಂಪಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೂ ಇಲ್ಲ. ಮತ್ತೂ ಎರಡು ಕೊಟ್ಟ ಮೇಲೆ ತಂಗಿಯ ಎದೆ ಸೀಟಿ ಹೊಡೆಯಿತು. ಉಸಿರು ಬಂದದ್ದು ಹಾಗೆ.

ಆಸ್ಪತ್ರೆಗೆ ತೋರಿಸಿಕೊಂಡು ಬಂದ ಸಂಜೆ ಫ್ಯಾನಮ್ಮ ಕೇಳಿದಳು, "ಅಜ್ಜಿ, ಆ ಸಂದಿಗಳಿಗೆ ಬತ್ತಿ ತುರುಕಿದ್ದು ಯಾರು?"

"ನಾನೇ ಕಣೇ."

"ಒಳ್ಳೇ ಹೊಲಿಗೆ. ನೂಲಿನಷ್ಟೂ ಗಾಳಿ ಆಡಲ್ಲ."

ಬೈದಿದ್ದರೆ ಅಜ್ಜಿ ಸಹಿಸಿಕೊಳ್ಳುತ್ತಿದ್ದಳು.

"ಹಾಗಾದ್ರೆ ಡಬ್ಬಿ ಪೂರ್ತಿ ಮೋಸವಾ?" ಎಂದು ಅಜ್ಜಿ ಕೇಳಿದಳು.

"ಪೂರ್ತಿ ಅನ್ನೋಕಾಗಲ್ಲ. ಅಯಾನು ಬರುತ್ತೆ. ಅದು ತಗುಲಿದ ಧೂಳು ಹೋಗಿ ಗೋಡೆಗೆ ಅಂಟಿಕೊಳ್ಳುತ್ತೆ. ತಲೆಗೆ ಉಜ್ಜಿದ ಬಾಚಣಿಗೆಗೆ ಕಾಗದದ ಚೂರು ಹಾರಿ ಅಂಟಲ್ವಾ, ಆ ಥರ. ಕಪ್ಪು ಕಲೆ ಅದೇ. ಬೀದಿ ಹೊಗೆಯ ಮಸಿ ಬೆರೆತ ಕೋಣೆಯ ಧೂಳು, ಯಾರ ಎದೆಯದ್ದೂ ಅಲ್ಲ. ಕೆಮ್ಮು ಹೋಗುತ್ತೆ ಅಂತಾನಲ್ಲ, ಅದನ್ನ ಆಸ್ಪತ್ರೆ ಫ್ಯಾನ್ ರಿಪೇರಿಗೆ ಹೋದಾಗ ಎದೆ ಡಾಕ್ಟರನ್ನೇ ಕೇಳಿದ್ದೆ. ಉಬ್ಬಸಕ್ಕೆ ಅದರಿಂದ ಉಪಯೋಗ ಅನ್ನೋಕೆ ಆಧಾರ ಇಲ್ಲ ಅಂದ್ರು. ರಜೆ ಮುಗಿದ ಮೊದಲ ದಿನ ಎದೆ ಬಿಗಿಯೋದು ಅರಳೆ ಧೂಳಿನ ಕಾಯಿಲೆಯ ಗುರುತು ಅಂತಲೂ ಅಂದ್ರು. ನನಗೆ ಅದಕ್ಕಿಂತ ಹೆಚ್ಚು ಗೊತ್ತಿಲ್ಲ. ಆಚೆ ಹೋದ ಧೂಳು ಮೂಗಿಗೆ ಹೋಗಲ್ಲ, ಅದೊಂದು ಗೊತ್ತು."

ಯಜಮಾನರ ಲೆಕ್ಕವೇ ಬೇರೆ ಇತ್ತು. ಎರಡು ವಾರದಲ್ಲಿ ಬೇರೆ ಕಾರ್ಖಾನೆಗಳ ಯಜಮಾನರನ್ನು ಕರೆಸಿ 'ಶುದ್ಧ ಗಾಳಿಯ ಕಾರ್ಖಾನೆ' ತೋರಿಸುವುದೆಂದು ಡಬ್ಬಿಯಪ್ಪನೊಂದಿಗೆ ಮಾತಾಗಿತ್ತು. ಅದರ ಮರುದಿನವೇ ಗಾರೆಯವನು ಬಂದು ಫ್ಯಾನಿನ ತೂತನ್ನು ಇಟ್ಟಿಗೆ ಇಟ್ಟು ಮುಚ್ಚುವವನಿದ್ದ. ಇಟ್ಟಿಗೆ ಆಗಲೇ ಅಂಗಳಕ್ಕೆ ಬಂದು ಬಿದ್ದಿತ್ತು. ಮುಚ್ಚಿದರೆ ತಂಗಿ ಇನ್ನೊಂದು ವರ್ಷ ಉಳಿಯುವಳೋ ಇಲ್ಲವೋ. ಕೆಲಸ ಬಿಡು ಎಂದರೆ, "ನನಗೆ ಬರೋದು ಇದೊಂದೇ ಅಕ್ಕಾ" ಎನ್ನುವವಳು ಅವಳು.

ಅಜ್ಜಿಗೆ ತನ್ನ ಹೆಸರು ಬರೆಯಲು ಬಿಟ್ಟರೆ ಬೇರೆ ಅಕ್ಷರ ಬಾರದು. ಆದರೆ ಹೊಲಿಗೆ ಎಣಿಸುವುದರಲ್ಲಿ ಅವಳು ಒಂದೂ ತಪ್ಪಿದವಳಲ್ಲ. ಮಾರನೆಯ ದಿನ ಒಂದೇ ಥಾನಿನಿಂದ ಗೇಣಗಲದ ಮೂರು ಕರಿಬಟ್ಟೆ ಕತ್ತರಿಸಿದಳು. ನಾಲ್ಕು ಡಬ್ಬಿಗೂ ಹಾಸಿಗೆ ಬಟ್ಟೆಯ ಕುಲಾವಿ ಹೊಲಿದು ತೊಡಿಸಿದಳು. ಕುಂಚಕ್ಕೆ ಕಿಂಡಿ ಬಿಟ್ಟಿದ್ದಳು, ಹಸಿರು ದೀಪಕ್ಕೆ ಬಿಟ್ಟಿರಲಿಲ್ಲ. "ಅತಿಥಿಗಳು ಬರ್ತಾರಲ್ಲ, ಚೆಂದ ಕಾಣ್ಲಿ" ಎಂದಳು. ಯಜಮಾನರಿಗೆ ಖುಷಿಯಾಯಿತು.

ಮೋಟಾರು ವೈಂಡಿಂಗಿಗೆ ಹೋಗಿದ್ದುದರಿಂದ ಕೋಲಿನ ಬಡಿತ ನಡೆದೇ ಇತ್ತು. ಆಸ್ಪತ್ರೆಯವರು ವಿಶ್ರಾಂತಿ ಹೇಳಿದ್ದರಿಂದ ತಂಗಿ ಮನೆಯಲ್ಲಿದ್ದಳು, ಅವಳ ಕೋಲನ್ನು ಅಜ್ಜಿಯೇ ಹಿಡಿದಳು. ತಂಗಿಯ ಮೂಗಿನ ಎತ್ತರಕ್ಕೆ ಮೊದಲ ಬಟ್ಟೆ ಕಟ್ಟಿ ಮೂರು ದಿನ ಬಿಟ್ಟಳು, ಡಬ್ಬಿಗಳು ಓಡುತ್ತಿದ್ದವು. ಎರಡನೆಯ ಬಟ್ಟೆಯ ಮೂರು ದಿನ ಎಲ್ಲರಿಗಿಂತ ಮುಂಚೆ ಬಂದು ಡಬ್ಬಿಗಳ ಪ್ಲಗ್ಗು ಸಡಿಲಿಸಿಟ್ಟಳು. ಕುಲಾವಿಯೊಳಗೆ ದೀಪ ಆರಿದ್ದು ಯಾರಿಗೂ ಕಾಣಲಿಲ್ಲ. ದಿನಕ್ಕೆ ಇಷ್ಟೇ ಹಾಸಿಗೆಯ ಅರಳೆ, ಇಷ್ಟೇ ಏಟು ಎಂದು ನೂಲಿನಲ್ಲಿ ಗಂಟು ಹಾಕಿ ಸಮ ಮಾಡಿದಳು. ಮೂರನೆಯ ಬಟ್ಟೆಗೆ ಯಜಮಾನರು ಊರಲ್ಲಿಲ್ಲದ ಮೂರು ದಿನ ಸಿಕ್ಕಿದವು. ಅವರು ಅತಿಥಿಗಳನ್ನು ಕರೆಯಲು ಹೋಗಿದ್ದರು. ಅಜ್ಜಿ ದುಂಡು ಹಾಸಿಗೆಯ ಹುರಿ ಬಿಚ್ಚಿ, ಕಿಟಕಿಯೊಂದರ ಬತ್ತಿ ಕಿತ್ತು ತೆರೆದು, ಡಬ್ಬಿಗಳನ್ನು ಆರಿಸಿಯೇ ಇಟ್ಟು, ಫ್ಯಾನು ಹಾಕಿದಳು. ಮೂರನೆಯ ಸಂಜೆ ಎಲ್ಲವನ್ನೂ ಮೊದಲಿನಂತೆ ಬಿಗಿದಳು.

ಅತಿಥಿಗಳು ಬಂದ ದಿನ ಡಬ್ಬಿಯಪ್ಪ ಕಪ್ಪು ಕಲೆಯ ಮುಂದೆ ನಿಂತು ಭಾಷಣ ಮಾಡಿದ. ಪ್ಯಾಕಿಂಗಿನವಳನ್ನು ಮುಂದೆ ಕರೆದ.

"ಹೇಳಿ ಅಮ್ಮಾ, ಹೇಗನ್ನಿಸುತ್ತೆ?"

"ಏನು ಹೇಳ್ಲಿ ಸಾರ್! ಮೈಯೆಲ್ಲ ಹಗುರ. ಹೋದ ವಾರದ ಕೊನೇ ಮೂರು ದಿನವಂತೂ ಸಾಕ್ಷಾತ್ ಜಲಪಾತದ ಕೆಳಗೇ ನಿಂತ ಹಾಗಿತ್ತು."

ಅಜ್ಜಿ ದಬ್ಬಳವನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದಳು. "ಆ ಮೂರು ದಿನ ಪ್ಲಗ್ ಹಾಕಿರಲಿಲ್ಲ ಕಣೇ. ನಾನೇ ಕಿತ್ತಿದ್ದೆ."

ಅತಿಥಿಗಳಲ್ಲೊಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪ್ಯಾಕಿಂಗಿನವಳ ಮುಖ ಕೆಂಪಾಯಿತು.

ಅಜ್ಜಿ ಮೂರೂ ಬಟ್ಟೆಗಳನ್ನು ಜಗಲಿಯ ಮೇಲೆ ಹರಡಿದಳು. "ಇದು ಡಬ್ಬಿ ಓಡಿದ ಮೂರು ದಿನದ್ದು. ಇದು ಡಬ್ಬಿ ಆರಿದ್ದ ಮೂರು ದಿನದ್ದು. ಸುಳ್ಳು ಹೇಳಲ್ಲ, ಡಬ್ಬಿ ಓಡಿದಾಗ ಧೂಳು ಒಂದು ಕೂದಲೆಳೆಯಷ್ಟು ಕಮ್ಮಿ. ಬೆರಳಾಡಿಸಿ ನೋಡಿ, ಗೊತ್ತಾಗುತ್ತೆ. ಇದು ಫ್ಯಾನ್ ಓಡಿದ ಮೂರು ದಿನದ್ದು."

ಮೂರನೆಯದಕ್ಕೆ ಬೆರಳಾಡಿಸುವ ಅಗತ್ಯವಿರಲಿಲ್ಲ. ಮೊದಲೆರಡು ಬೂಷ್ಟು ಹಿಡಿದಂತೆ ಬೆಳ್ಳಗಿದ್ದವು. ಇದು ಕಪ್ಪಾಗಿ, ಥಾನಿನಿಂದ ಈಗಷ್ಟೇ ಕತ್ತರಿಸಿದಂತಿತ್ತು.

"ಅಜ್ಜಿಗೆ ಅಯಾನು ಅಂದ್ರೆ ಏನಂತ ಗೊತ್ತಾ?" ಎಂದು ಡಬ್ಬಿಯಪ್ಪ ನಗಲು ನೋಡಿದ. "ಓದಿದ್ದೀರಾ ಅಮ್ಮಾ?"

"ಇಲ್ಲಪ್ಪ. ನನಗೆ ಅಕ್ಷರ ಗೊತ್ತಿಲ್ಲ, ಅರಳೆ ಗೊತ್ತು. ನನ್ನ ತಂಗಿ ಪಂಪು ಚೀಲಕ್ಕೆ ಹಾಕಿದ್ದು ನಿನ್ನ ಮಾತು ಕೇಳಿ. ಅವಳ ತುಟಿ ನೀಲಿ ಆಗಿದ್ದು ನೀನು ನೋಡಿಲ್ಲ, ನಾನು ನೋಡಿದ್ದೀನಿ."

"ಸಾಕು!" ಎಂದರು ಯಜಮಾನರು. "ನಾಳೆಯಿಂದ ಬರಬೇಡ."

"ಬರ್ತೀನಿ. ಹಾಸಿಗೆ ಅರ್ಧ ಹೊಲಿದಿಟ್ಟಿದ್ದೀನಿ."

ಅಷ್ಟರಲ್ಲಿ ಬಾಗಿಲಲ್ಲಿ ಫ್ಯಾನಮ್ಮ ಕಾಣಿಸಿಕೊಂಡಳು. ಹೊಸ ವೈಂಡಿಂಗ್ ಮಾಡಿದ ಮೋಟಾರು ಹೆಗಲ ಮೇಲಿತ್ತು. ಅವಳು ಅದನ್ನು ಕೆಳಗಿಳಿಸಲಿಲ್ಲ.

"ಯಜಮಾನ್ರೇ, ಮೋಟಾರ್ ತಂದಿದ್ದೀನಿ. ಆ ಫ್ಯಾನ್ ಓಡಿದ್ರೆ ಇಲ್ಲಿ ಕೂರಿಸ್ತೀನಿ. ಇಲ್ಲಾಂದ್ರೆ ಹೀಗೇ ವಾಪಸ್ ತಗೊಂಡು ಹೋಗ್ತೀನಿ. ಎರಡು ತಿಂಗಳಿಗೆ ಮತ್ತೆ ಸುಡೋ ಮೋಟಾರ್ ನಾನು ಕೂರಿಸಲ್ಲ. ಜನ ಕೆಮ್ಮಿದ್ದು ನಿಮಗೆ ಕೇಳಿಸ್ಲಿಲ್ಲ, ಮೋಟಾರ್ ಸುಟ್ಟಿದ್ದಾದ್ರೂ ವಾಸನೆ ಬಂತಲ್ಲ?"

ಯಜಮಾನರು ಅತಿಥಿಗಳ ಮುಖ ನೋಡಿದರು. ನಕ್ಕವರು ಆಗಲೇ ಮೂರನೆಯ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. "ಈ ಫ್ಯಾನ್ ಎಷ್ಟು ಅಡೀದಮ್ಮ?" ಎಂದು ಅವರು ಕೇಳಿದ್ದು ಡಬ್ಬಿಯಪ್ಪನನ್ನಲ್ಲ, ಫ್ಯಾನಮ್ಮನನ್ನು.

ಅಪ್ಪಣೆಗೆ ಅಜ್ಜಿ ಕಾಯಲಿಲ್ಲ. ಕತ್ತರಿ ತೆಗೆದುಕೊಂಡು ಏಣಿ ಹತ್ತಿದಳು. ಆ ವಯಸ್ಸಿಗೆ ಏಣಿ ಹತ್ತಬಾರದು. ಪ್ಯಾಕಿಂಗಿನವಳು ಓಡಿಬಂದು ಏಣಿ ಹಿಡಿದಳು, "ನಿಧಾನ ಅಜ್ಜೀ, ಬಿದ್ದು ಗಿದ್ದೀಯ" ಎಂದು ಗದರಿದಳು. ಅಜ್ಜಿ ಹುರಿಯನ್ನು ಬಿಚ್ಚಲಿಲ್ಲ, ಕತ್ತರಿಸಿದಳು. ತಾನೇ ಹೊಲಿದ ದುಂಡು ಹಾಸಿಗೆಯನ್ನು ನಡುವಿಗೆ ಸೀಳಿ ಕೆಳಕ್ಕೆ ಎಸೆದಳು. ಹುಡುಗಿಯರು ಕಿಟಕಿಗಳ ಬತ್ತಿ ಕೀಳತೊಡಗಿದರು. ಫ್ಯಾನಮ್ಮ ಸ್ವಿಚ್ಚು ಒತ್ತಿದಳು.

"ಇರಿ, ಇಳೀಬೇಡಿ" ಎಂದಳು. ಕೆಳಗಿನಿಂದ ಒಂದು ಚಿಟಿಕೆ ಅರಳೆ ಎತ್ತಿ ಕೊಟ್ಟಳು. "ತಿರುಗಿದ್ರೆ ಸಾಲದು. ಹಿಡಿದು ನೋಡಿ. ಯಾವ ಕಡೆ ಎಳೀತಿದೆ?"

ಅಜ್ಜಿಯ ಬೆರಳಿನಿಂದ ಅರಳೆ ಸರಕ್ಕನೆ ಜಾರಿ, ರೆಕ್ಕೆಗಳ ನಡುವೆ ಹಾದು, ಬಿಸಿಲಿಗೆ ಹೋಯಿತು.

"ಆಚೆಗೆ" ಎಂದಳು ಅಜ್ಜಿ.

ಗಾರೆಯವನು ಮರುದಿನ ಬಂದು ಇಟ್ಟಿಗೆ ವಾಪಸ್ಸು ಒಯ್ದ. ಅಜ್ಜಿಯೂ ಮರುದಿನ ಬಂದಳು, ಜಗಲಿ ಹತ್ತಿ ಕೂತಳು. ಯಜಮಾನರು ಒಂದು ವಾರ ಅವಳನ್ನು ಮಾತಾಡಿಸಲಿಲ್ಲ. ಎಂಟನೆಯ ದಿನ ಹಾಸಿಗೆ ಮುಗಿಯಿತೇ ಎಂದು ಕೇಳಿದರು. ಆದರೆ ಮನುಷ್ಯ ಮೊಂಡ. ತಿಂಗಳಿಗೊಮ್ಮೆಯಾದರೂ ಚಳಿ ಎಂದೋ ಕರೆಂಟು ಎಂದೋ ಫ್ಯಾನು ಆರಿಸಿ ನೋಡುವರು. ಅದಕ್ಕೇ ಫ್ಯಾನಮ್ಮ ಅಜ್ಜಿಗೆ ಒಂದು ಕೆಲಸ ಹಚ್ಚಿದ್ದಳು. ದಿನಾ ಬೆಳಿಗ್ಗೆ ಕೋಲಿನ ತುದಿಗೆ ಒಂದು ಚಿಟಿಕೆ ಅರಳೆ ಸಿಕ್ಕಿಸಿ ತೂತಿಗೆ ಹಿಡಿಯಬೇಕು. ಅದು ಆಚೆಗೆ ಹೋಗುವವರೆಗೆ ಯಾರೂ ಕೆಲಸಕ್ಕೆ ಕೈ ಹಾಕಬಾರದು. ಹುಡುಗಿಯರೂ ಕೂರುತ್ತಿರಲಿಲ್ಲ, ಪ್ಯಾಕಿಂಗಿನವಳೂ ಕೂರುತ್ತಿರಲಿಲ್ಲ. ಯಜಮಾನರು ಗಡಿಯಾರ ನೋಡಿ ನೋಡಿ ಕಡೆಗೆ ತಾವೇ ಸ್ವಿಚ್ಚು ಹಾಕುವರು.

ತಂಗಿಯ ಕೆಮ್ಮು ಹೋಗಲಿಲ್ಲ. ಹತ್ತೊಂಬತ್ತು ವರ್ಷ ನುಂಗಿದ ಅರಳೆ ಅದು. ಆದರೆ ಮನೆಯ ಹದಿನಾಲ್ಕು ಮೆಟ್ಟಿಲಿಗೆ ಎರಡು ಸಲ ನಿಲ್ಲುತ್ತಿದ್ದವಳು ಈಗ ಒಂದು ಸಲ ನಿಲ್ಲುತ್ತಾಳೆ. ಪಂಪಿಗೆಂದು ಅವಳ ಅಂಗಿಯಲ್ಲಿ ಅಜ್ಜಿ ಜೇಬೊಂದನ್ನು ಹೊಲಿದಿದ್ದಾಳೆ, ಅದಕ್ಕೆ ಜೋಡಿ ಹೊಲಿಗೆ.

ಎರಡು ವರ್ಷ ಕಳೆದ ಮೇಲೆ ಫ್ಯಾನಮ್ಮ ಇನ್ನೆಲ್ಲೋ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಳು. ಇನ್ನು ಏಣಿ ಹತ್ತುವ ಹಾಗಿಲ್ಲ ಎಂದಾಯಿತು. ದೂರದೂರಿನಿಂದ ಅವಳ ಅಣ್ಣ ಬಂದ, ಇಕ್ಕಟ್ಟಿನ ಅಂಗಡಿಗೆ ಬೀಗ ಹಾಕಿಸಿದ. ಹೊರಡುವ ಬಸ್ಸು ಬೆಳಿಗ್ಗೆಯದು. ಅಜ್ಜಿ ಆ ದಿನ ಕಾರ್ಖಾನೆಗೆ ಹೋಗದೆ, ಹಿಂದಿನ ದಿನ ಹೊಲಿದ ದಿಂಬೊಂದನ್ನು ಹಿಡಿದು ಮನೆಯಿಂದ ನೇರ ಬಸ್ ನಿಲ್ದಾಣಕ್ಕೆ ಬಂದಳು.

ಫ್ಯಾನಮ್ಮ ಕಿಟಕಿ ಪಕ್ಕದ ಸೀಟಿನಲ್ಲಿ ಕೂತಿದ್ದಳು. ಕಿಟಕಿಯ ಗಾಜನ್ನು ಪೂರ್ತಿ ಸರಿಸಿದ್ದಳು, ಹಿಂದಿನ ಸೀಟಿನವನು ಚಳಿ ಎಂದು ಗೊಣಗುತ್ತಿದ್ದ.

"ಸೊಂಟದ ಕೆಳಗೆ ಇಟ್ಕೋ" ಎಂದು ಅಜ್ಜಿ ದಿಂಬನ್ನು ಕೊಟ್ಟಳು.

"ಒಳಗೆ ಏನು ತುಂಬಿದ್ದೀರಾ, ಅಯಾನಾ?"

"ಹೋಗೇ, ಸೊಂಟ ಮುರಿದ್ರೂ ನಾಲಿಗೆ ಮುರೀಲಿಲ್ಲ ನಿಂದು."

"ಅದಕ್ಕೆ ವೈಂಡಿಂಗ್ ಗಟ್ಟಿ ಇದೆ ಅಜ್ಜಿ."

ಇಬ್ಬರೂ ನಕ್ಕರು. ಬಸ್ಸು ಗುರುಗುಟ್ಟಿತು. ಬಸ್ಸು ಒಂದು ಮೊಳ ಮುಂದೆ ಸರಿದಾಗ ಫ್ಯಾನಮ್ಮನಿಗೆ ಏನೋ ಹೊಳೆಯಿತು. ಮುರಿದ ಸೊಂಟವನ್ನೂ ಲೆಕ್ಕಿಸದೆ ಕಿಟಕಿಯಿಂದ ಅರ್ಧ ಮೈ ಆಚೆ ಹಾಕಿ, ಇಡೀ ನಿಲ್ದಾಣ ತಿರುಗಿ ನೋಡುವ ಹಾಗೆ ಕೂಗಿದಳು:

"ಅಜ್ಜೀ! ಇವತ್ತು ಅರಳೆ ಹಿಡಿದು ನೋಡಿದ್ದು ಯಾರು?"